ಬೆನ್ನು ತಿರುಗಿಸುವ ಪಾಠ

ಮರ ಹೆರೆದ ಸಿಪ್ಪೆಯ ರಾಶಿಯೊಳಗಿಂದ ಬಡಗಿ ಆ ನಾಯಿಮರಿಯನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಾಗ ಅದು ಅವನ ಅಂಗೈ ತುಂಬುವಷ್ಟೂ ಇರಲಿಲ್ಲ. ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಅಯ್ಯೋ ಪಾಪ ಅನ್ನಿಸುವುದೇ ಈ ಪ್ರಾಣಿಗಳ ಕಸುಬು. ಅದನ್ನು ನಂಬಿ ಒಳಗೆ ಬಿಟ್ಟುಕೊಂಡವರು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಮರಿ ಹಾಲು ಕುಡಿಯಿತು. ಅತ್ತೆಯ ಕಾಲ್ಬೆರಳುಗಳನ್ನು ಒಂದೊಂದಾಗಿ ನೆಕ್ಕಿತು, ಸೊಸೆಯ ಮಣಿಕಟ್ಟು ನೆಕ್ಕಿತು, ಕುರ್ಚಿಯ ಕಾಲನ್ನೂ ಬಿಡದೆ ನೆಕ್ಕಿತು, ಕೊನೆಗೆ ಬಡಗಿಯ ಮಡಿಲಲ್ಲಿ ನಿದ್ದೆ ಹೋಯಿತು. ಬಡಗಿಯ ತಾಯಿಯಾದ ಅತ್ತೆ ಅಲ್ಲೇ ಅದಕ್ಕೆ ನೆಕ್ಕಣ್ಣ ಅಂತ ಹೆಸರಿಟ್ಟರು. ಹಲ್ಲು ಬಂದ ಮೇಲೆ ಆ ಹೆಸರು ಸಾಲದಾಯಿತು.

ಈ ಮನೆಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ಬಡಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವನ ಮಾತೆಲ್ಲ ಕೈಯಲ್ಲಿ. ಹಾಗಂತ ಮೌನಿ ಅಂದುಕೊಂಡರೆ ಮೋಸ ಹೋದಿರಿ. ಅಂಥ ಮಾತುಗಾರ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಅವನ ಹೆಂಡತಿಗೆ ವಿದ್ಯುತ್ ಕಚೇರಿಯಲ್ಲಿ ಫೋನಿನ ಮೇಲೆ ದೂರು ಕೇಳುವ ಕೆಲಸ. ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಸಂಜೆಯವರೆಗೂ ಜನ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಕರೆಂಟು ಹೋದದ್ದು ಅವಳೇ ಸ್ವಿಚ್ಚು ಆರಿಸಿದ್ದರಿಂದ ಅನ್ನುವ ಹಾಗೆ. ಮನೆ ಸೇರುವ ಹೊತ್ತಿಗೆ ಕಿವಿ ಸೋತು ಹೋಗಿರುತ್ತಿತ್ತು. ಆಗ ಗಂಡನ ಕೈಮಾತು ಅವಳಿಗೆ ಮುಖಕ್ಕೆ ತಣ್ಣೀರು ಎರಚಿಕೊಂಡ ಹಾಗೆ ಆಗುತ್ತಿತ್ತು.

ಊಟ ಮುಗಿಸಿ, ಕೈ ತೊಳೆದು, ದೀಪವನ್ನು ನಡುವೆ ಎಳೆದುಕೊಂಡು ಇಬ್ಬರೂ ಎದುರುಬದುರು ಕೂರುತ್ತಿದ್ದರು. ತುತ್ತು ಹಿಡಿದ ಕೈಯಲ್ಲಿ ಮಾತಾಡಲಾಗುವುದಿಲ್ಲವಲ್ಲ, ಅದಕ್ಕೇ ಊಟ ಮೊದಲು. ಆಮೇಲೆ ಶುರು. ಬಾಗಿಲು ಮಾಡಿಸಲು ಬಂದವನ ಹೊಟ್ಟೆ, ಮಂಚದ ಅಳತೆಗಾಗಿ ಜಗಳವಾಡಿದ ಅಕ್ಕತಂಗಿಯರು, ಬೀಗ ಹಾಕಿಕೊಂಡು ಬೀಗದ ಕೈ ಒಳಗೇ ಬಿಟ್ಟ ಗುಮಾಸ್ತ, ಎಲ್ಲರೂ ಆ ಮೇಜಿನ ಮೇಲೆ ಕುಣಿದು ಹೋಗುತ್ತಿದ್ದರು. ಅವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ಗಂಡನ್ನ ಬೆರಳು ಮಾಡಿ 'ನೀನು' ಅಂತ ತೋರಿಸ್ತಾಳೆ, ಹೇಳೋರು ಕೇಳೋರು ಇಲ್ಲ. ಒಂದು ಅನುಕೂಲ ಏನಂದ್ರೆ, ಇವರ ಜಗಳ ಜಾಸ್ತಿ ಆದ್ರೆ ನಾನು ಹೋಗಿ ಲೈಟ್ ಆರಿಸಿಬಿಡ್ತೀನಿ."

ಹಲ್ಲು ಬಂದದ್ದೇ ಮರಿಗೆ ಒಂದು ವಿಷಯ ಹೊಳೆಯಿತು. ಈ ಮನೆಯಲ್ಲಿ ಕೈಗಳು ಹಾರಾಡುತ್ತವೆ. ಬೇರೆ ಮನೆಯ ಮರಿಗಳಿಗೆ ಸಿಗುವುದು ಹಳೇ ಚಪ್ಪಲಿ, ಹೆಚ್ಚೆಂದರೆ ಒಂದು ಚೆಂಡು. ಇದಕ್ಕೆ ದಿನವೂ ಸಂಜೆ ನಾಲ್ಕು ಕೈಗಳ ಆಟ. ಬಡಗಿ ಎರಡು ಮಾತು ಆಡುವಷ್ಟರಲ್ಲಿ ಮರಿ ಚಂಗನೆ ಹಾರಿ ಕಿರುಬೆರಳು ಹಿಡಿಯುತ್ತಿತ್ತು. ಬಿಡಿಸಿಕೊಂಡರೆ ಹೆಬ್ಬೆರಳು. ಗದರಿಸಿದರೆ ಅದನ್ನೂ ಆಟ ಅಂದುಕೊಂಡು ಮೊಣಕೈಯವರೆಗೆ ನೆಕ್ಕಿ, ನೆಕ್ಕುತ್ತಲೇ ಮತ್ತೆ ಹಲ್ಲು ಊರುತ್ತಿತ್ತು. ಮರಿಹಲ್ಲು ಸೂಜಿಗಿಂತ ಚೂಪು. ಬಡಗಿಯ ಹೆಬ್ಬೆರಳಲ್ಲಿ ಕೀವು ತುಂಬಿ, ಉಳಿ ಹಿಡಿಯಲಾಗದೆ, ಅವನು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಂದ. ಅವಳ ಮಣಿಕಟ್ಟಿನ ತುಂಬ ಕೆಂಪು ಗೀರುಗಳು. ಕಚೇರಿಯಲ್ಲಿ ಪಕ್ಕದ ಕುರ್ಚಿಯವಳು ಅನುಮಾನದಿಂದ ನೋಡಿ, "ಮನೇಲಿ ಎಲ್ಲ ಸರಿಯಾಗಿದೆ ತಾನೆ?" ಅಂತ ಮೆಲ್ಲಗೆ ಕೇಳಿದಳು.

ಬುದ್ಧಿವಾದ ಹೇಳುವವರಿಗೇನು ಕೊರತೆ? ಒಬ್ಬರು ಪೇಪರ್ ಸುತ್ತಿ ಹೊಡಿ ಅಂದರು. ಮರಿ ಪೇಪರನ್ನು ಹರಿದು ಚಿಂದಿ ಮಾಡಿತು. ಒಬ್ಬರು ಕೈಗೆ ಕಹಿ ಔಷಧಿ ಹಚ್ಚಿಕೋ ಅಂದರು. ಮರಿ ಅದನ್ನು ಚಪ್ಪರಿಸಿ ನೆಕ್ಕಿ, ಇನ್ನೂ ಇದೆಯಾ ಅನ್ನುವ ಹಾಗೆ ಮುಖ ನೋಡಿತು. ಅವಳಿಗೆ ಸಾಕುಬೇಕಾಗಿ ಹೋಯಿತು. ಬಿಟ್ಟುಬಿಡೋಣ ಅಂದರೆ ಬಡಗಿ ಮರಿಯನ್ನು ಎದೆಗೆ ಅವುಚಿಕೊಂಡು ಬೇಡ ಅಂತ ತಲೆಯಾಡಿಸುತ್ತಿದ್ದ. ಆದರೆ ಹೀಗೇ ನಡೆದರೆ ಅವನ ಕೈಯ ಗತಿಯೇನು? ಆ ಕೈಯಲ್ಲೇ ಅವನ ಕೆಲಸ, ಆ ಕೈಯಲ್ಲೇ ಅವನ ಮಾತು. ಯೋಚಿಸಿದಷ್ಟೂ ಅವಳಿಗೆ ದಿಕ್ಕೇ ತೋಚುತ್ತಿರಲಿಲ್ಲ.

ಕೊನೆಗೆ ಯಾರೋ ಹೇಳಿದರು ಅಂತ ಮಾಸ್ಟರನ್ನು ಕರೆಸಿದಳು. ಪೊಲೀಸ್ ನಾಯಿಗಳನ್ನು ಪಳಗಿಸಿ ನಿವೃತ್ತರಾದವರು. ನೆಟ್ಟಗೆ ನಿಂತರೆ ಗೋಡೆಗೆ ಆನಿಸಿಟ್ಟ ಹಲಗೆಯ ಹಾಗೆ. ಮರಿ ಅವರ ಬೂಟು ನೆಕ್ಕಲು ಹೋದಾಗ ಅವರು ಗದರಲಿಲ್ಲ, ಬಗ್ಗಲಿಲ್ಲ. ಎರಡೂ ಕೈ ಕಟ್ಟಿ, ಸೀದಾ ಬೆನ್ನು ತಿರುಗಿಸಿ ನಿಂತರು. ಮರಿ ಪೆಚ್ಚಾಗಿ ಕೂತಿತು.

"ನೋಡಿ ತಾಯಿ, ಇದಕ್ಕೆ ಬೇಕಾಗಿರೋದು ನಿಮ್ಮ ಗಮನ," ಅಂದರು ಮಾಸ್ಟರು. "ಕಚ್ಚಿದ ಕೂಡ್ಲೇ ಆಟ ಬಂದ್. ಕೈ ಕಟ್ಟಿ, ಬೆನ್ನು ತಿರುಗಿಸಿ. ಮುಖ ನೋಡ್ಬಾರದು. ನೆಕ್ಕಿದ್ರೂ ಅಷ್ಟೇ. ಅಲ್ಲಿ ಯಾರ್ಯಾರು ಇರ್ತಾರೋ ಎಲ್ಲರೂ ತಿರುಗ್ಬೇಕು. ಸುಮ್ಮನಾದ ಮೇಲೆ ಅಗಿಯೋಕೆ ಒಂದು ಹಗ್ಗದ ತುಂಡು ಕೊಡಿ. ಮನೇಲಿ ಒಬ್ಬರು ಸಡಿಲ ಬಿಟ್ರೂ ಕೆಟ್ಟಿತು ಅಂತ್ಲೇ ತಿಳ್ಕೊಳ್ಳಿ."

ಅವಳು ಅಷ್ಟನ್ನೂ ಗಂಡನಿಗೆ ಕೈಮಾತಿನಲ್ಲಿ ಹೇಳಿದಳು. ಅವನು ಕೊನೆಯವರೆಗೂ ನೋಡಿ, ಸರಿ ಅಂತ ತಲೆಯಾಡಿಸಿದ. ಮಾಸ್ಟರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಎಲ್ಲರ ಮನೆಗೂ ಸರಿಹೋಗುವ ಮಾತು ಅದು.

ಅವಳು ಹಿಡಿದ ಕೆಲಸ ಬಿಡುವವಳಲ್ಲ. ಆ ಸಂಜೆಯಿಂದಲೇ ಪಾಠ ಶುರುವಾಯಿತು. ಬಡಗಿ ಯಾರದೋ ಅಲಮಾರಿಯ ಕತೆ ತೆಗೆದ. ಗಿರಾಕಿ ಅಲಮಾರಿಯೊಳಗೆ ತಾನೇ ಹೊಕ್ಕು ಅಳತೆ ನೋಡಲು ಹೋಗಿದ್ದನಂತೆ. ಹೊಕ್ಕ, ಬಾಗಿಲು ಮುಚ್ಚಿತು, ಅನ್ನುವಷ್ಟರಲ್ಲಿ ಮರಿ ಹಾರಿತು. ಅವಳು ಥಟ್ಟನೆ ಕೈ ಕಟ್ಟಿ ಗೋಡೆಯ ಕಡೆ ತಿರುಗಿದಳು. ಮರಿ ಸುಮ್ಮನಾದ ಮೇಲೆ ತಿರುಗಿ, "ಆಮೇಲೆ?" ಅಂದಳು. ಅವನು ಮತ್ತೆ ಹೊಕ್ಕದ್ದರಿಂದ ಶುರು ಮಾಡಿದ. ಮರಿ ಮತ್ತೆ ಹಾರಿತು. ಅವಳು ಮತ್ತೆ ತಿರುಗಿದಳು. ಆ ಗಿರಾಕಿ ಅಲಮಾರಿಯಿಂದ ಹೊರಗೆ ಬಂದನೋ ಇಲ್ಲವೋ ಅವಳಿಗೆ ಗೊತ್ತಾಗಲೇ ಇಲ್ಲ. ಅಷ್ಟು ಹೊತ್ತಿಗೆ ಬಡಗಿ ಎದ್ದು ಹೋಗಿ ಮಲಗಿದ್ದ.

ದಿನಗಳು ಹೀಗೇ ಉರುಳಿದವು. ಬಡಗಿಯ ಕತೆಗಳು ಮೊಟಕಾದವು. ಕತೆ ಹೋಗಿ ಸುದ್ದಿಯಾಯಿತು, ಸುದ್ದಿ ಹೋಗಿ "ಊಟ?" "ಸಾಕು" "ನಾಳೆ" ಅಷ್ಟಕ್ಕೆ ಬಂತು. ಕೈಗಳು ಜೇಬು ಸೇರಿದವು. ಅವಳಿಗೆ ಮೊದಮೊದಲು ಖುಷಿಯೇ ಆಯಿತು, ಗಂಡ ಎಷ್ಟು ಚೆನ್ನಾಗಿ ನಿಯಮ ಪಾಲಿಸುತ್ತಿದ್ದಾನೆ ಅಂತ. ಆದರೆ ಮರಿ ಮಾತ್ರ ಒಂದಿಷ್ಟೂ ಸುಧಾರಿಸಲಿಲ್ಲ. ಬದಲಿಗೆ ಕೈ ಕಂಡರೆ ಸಾಕು, ಮೊದಲಿಗಿಂತ ದುಪ್ಪಟ್ಟು ಎಗರುತ್ತಿತ್ತು. ಅವಳು ಸೀರೆ ಸರಿಮಾಡಿಕೊಳ್ಳಲು ಕೈ ಎತ್ತಿದರೂ ಕಚ್ಚುತ್ತಿತ್ತು, ತಲೆ ಬಾಚಿಕೊಂಡರೂ ಕಚ್ಚುತ್ತಿತ್ತು. ಕಚೇರಿಯಲ್ಲಿ ಬೈಗುಳ, ಮನೆಯಲ್ಲಿ ಹಲ್ಲು, ಊಟದ ಮೇಜಿನ ಮೇಲೆ ಮೌನ. ಒಂದು ಸಲ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಒಂದು ಅಂಗೈಯಗಲದ ಪ್ರಾಣಿಯ ಎದುರು ಸೋತೆನಲ್ಲ ಅಂತ ಅಳುತ್ತಿದ್ದೇನೆ ಅಂದುಕೊಂಡಳು. ಅತ್ತದ್ದು ಅದಕ್ಕಲ್ಲ ಅಂತ ಅವಳಿಗೂ ಒಳಗೊಳಗೇ ಗೊತ್ತಿತ್ತು.

ಒಂದು ಸಂಜೆ ತಡೆಯಲಾಗದೆ ಕೇಳಿಯೇಬಿಟ್ಟಳು. "ಏನಾಗಿದೆ ನಿಂಗೆ? ಯಾಕೆ ಏನೂ ಹೇಳ್ತಿಲ್ಲ? ನನ್ನ ಮೇಲೆ ಕೋಪಾನಾ?"

ಬಡಗಿ ಅವಳ ಕಡೆ ತಿರುಗಿದ. ಜೇಬಿನಿಂದ ಕೈ ತೆಗೆದ. ಎದೆಯ ಹತ್ತಿರ ತಂದು ಬೆರಳು ಬಿಚ್ಚಿದ. ಮರಿ ಎಲ್ಲಿತ್ತೋ ಏನೋ, ಎಗರಿ ಬಂದು ಅವನ ಅಂಗಿಯ ತೋಳಿಗೆ ಜೋತುಬಿತ್ತು. ಅವಳು ಯೋಚನೆಯನ್ನೇ ಮಾಡಲಿಲ್ಲ. ಕೈ ಕಟ್ಟಿ, ಬೆನ್ನು ತಿರುಗಿಸಿ ನಿಂತಳು. ಮರಿಯ ಗುರುಗುಟ್ಟುವಿಕೆ ನಿಂತ ಮೇಲೆ ತಿರುಗಿ ನೋಡಿದರೆ ಕುರ್ಚಿ ಖಾಲಿ. ಹಿತ್ತಲಿನ ಷೆಡ್ಡಿನಿಂದ ಗರಗಸದ ಸದ್ದು ಬರುತ್ತಿತ್ತು.

"ನೋಡಿದ್ರಾ ಅತ್ತೆ," ಅಂದಳು ಸಿಟ್ಟಿನಿಂದ. "ಕೇಳಿದ್ದಕ್ಕೆ ಉತ್ತರ ಕೊಡೋ ಮರ್ಯಾದೆನೂ ಬೇಡವಾ?"

ಅತ್ತೆ ಮೂಲೆಯಲ್ಲಿ ಕಾಲಿಗೆ ಚೀಲ ಸುತ್ತಿಕೊಂಡು ಕೂತಿದ್ದರು. ನೆಕ್ಕಣ್ಣನಿಂದ ಬೆರಳು ಕಾಪಾಡಿಕೊಳ್ಳಲು ಅವರು ಕಂಡುಕೊಂಡ ಉಪಾಯ ಅದು. "ಕೊಡ್ತಿದ್ದ ಕಣಮ್ಮ," ಅಂದರು. "ನೀನು ಗೋಡೆ ನೋಡ್ತಿದ್ದೆ."

"ಅಯ್ಯೋ, ಅದು ಮರಿಗಲ್ವಾ ಅತ್ತೆ!"

"ಹೌದಮ್ಮ, ಮರಿಗೇ," ಅಂದು ಅತ್ತೆ ಚೀಲ ಬಿಗಿ ಮಾಡಿಕೊಂಡರು.

ಇಂಥ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗದ ಸ್ಥಿತಿಯಲ್ಲಿದ್ದಳು ಅವಳು. ಗಂಡನಿಗೆ ಕೋಪ ಬಂದಿರುವುದು ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಅಂತಲೇ ಲೆಕ್ಕ ಹಾಕಿದಳು. ಮರಿ ಕಚ್ಚುವುದು ಬಿಟ್ಟರೆ ಅವನ ಕೈ ಮತ್ತೆ ಬಿಚ್ಚುತ್ತದೆ, ಮೇಜಿನ ಮೇಲೆ ಮತ್ತೆ ಜನ ಕುಣಿಯುತ್ತಾರೆ. ಅದಕ್ಕೇ ಇನ್ನೂ ಕಟ್ಟುನಿಟ್ಟಾದಳು. ಮರಿ ಹಾರುವ ಮೊದಲೇ, ಅದರ ಕಿವಿ ನೆಟ್ಟಗಾದರೆ ಸಾಕು, ಬೆನ್ನು ತಿರುಗಿಸುವುದನ್ನು ಕಲಿತಳು. ಗಂಡ ಕೈ ಎತ್ತಿದರೆ ಮರಿಯ ಕಿವಿ ನೆಟ್ಟಗಾಗುತ್ತಿತ್ತು. ಅಲ್ಲಿಗೆ ಲೆಕ್ಕ ಏನಾಯಿತು ಅಂತ ನೀವೇ ನೋಡಿ. ಆ ಲೆಕ್ಕವನ್ನು ಮಾಡಲು ಅವಳೊಬ್ಬಳಿಗೆ ಮಾತ್ರ ಪುರುಸೊತ್ತು ಸಿಗಲಿಲ್ಲ.

ಮಾಸ್ಟರು ಮತ್ತೊಮ್ಮೆ ಬಂದರು. ಮರಿಯನ್ನು ನೋಡಿ, ಅವಳ ಮಣಿಕಟ್ಟು ನೋಡಿ, ತಲೆ ಕೊಡವಿದರು. "ತಾಯಿ, ನೀವು ಸರಿಯಾಗಿ ಮಾಡ್ತಿದ್ದೀರಿ. ಆದ್ರೆ ಈ ಮನೇಲಿ ಯಾರೋ ಇದಕ್ಕೆ ಕೈ ಕೊಡ್ತಿದ್ದಾರೆ. ಆಟ ಆಡಿಸ್ತಿದ್ದಾರೆ. ಇಲ್ಲದಿದ್ರೆ ಇಷ್ಟು ದಿನದಲ್ಲಿ ಬಿಟ್ಟಿರೋದು."

ಅವಳು ಅತ್ತೆಯ ಕಡೆ ನೋಡಿದಳು.

"ನನ್ನನ್ನೇನು ನೋಡ್ತೀಯಾ?" ಅಂದರು ಅತ್ತೆ. "ನಾನು ಕಾಲು ಮುಚ್ಕೊಂಡು ಕೂತಿದ್ದೀನಿ, ಕೈ ಎಲ್ಲಿಂದ ಕೊಡ್ಲಿ?"

"ಮತ್ತೆ ಯಾರು ಅತ್ತೆ? ಗೋಡೆ ಕೊಡುತ್ತಾ?"

ಅತ್ತೆ ಮೂಗು ಮುರಿದು ಎದ್ದು ಹೋದರು. ಆ ದಿನವೆಲ್ಲ ಇಬ್ಬರಿಗೂ ಮಾತಿಲ್ಲ. ಕಿವಿ ಕೇಳುವವರೂ ಮಾತು ಬಿಟ್ಟ ಮೇಲೆ ಆ ಮನೆಯಲ್ಲಿ ಗಡಿಯಾರ ಒಂದೇ ಬಾಕಿ ಉಳಿಯಿತು.

ಮಾಸ್ಟರು ಹೊರಡುವಾಗ ಒಂದು ದಾರಿ ಹೇಳಿದ್ದರು. ಅವರ ಪರಿಚಯದವರ ಗೋದಾಮು ಇದೆ, ಕಾವಲಿಗೆ ನಾಯಿ ಬೇಕಂತೆ, ಸರಪಳಿಯಲ್ಲಿ ಕಟ್ಟಿ ಹಾಕಿದರೆ ತಾನೇ ತಣ್ಣಗಾಗುತ್ತದೆ. ಅವಳಿಗೆ ಮನಸ್ಸಿರಲಿಲ್ಲ. ಮರಿಯ ಗುಂಡು ಹೊಟ್ಟೆ ನೋಡಿದರೆ ಕರುಳು ಚುರುಕ್ ಅನ್ನುತ್ತಿತ್ತು. ಆದರೆ ಗಂಡನ ಕೈಗಳು ಬೇಕಾಗಿದ್ದವು. ಆ ಮೇಜು, ಆ ದೀಪ, ಆ ಕತೆಗಳು ಬೇಕಾಗಿದ್ದವು. ಅವಿಲ್ಲದೆ ಇನ್ನೊಂದು ತಿಂಗಳು ಕಳೆದರೆ ತನಗೆ ಹುಚ್ಚು ಹಿಡಿಯುತ್ತದೆ ಅನ್ನಿಸಿ, ಬಂದು ಕರೆದುಕೊಂಡು ಹೋಗಿ ಅಂತ ಮಾಸ್ಟರಿಗೆ ಫೋನು ಮಾಡಿದಳು. ಗಂಡನಿಗೆ ತಿಳಿಸಿದಾಗ ಅವನು ಎದ್ದುಬಿಟ್ಟ. ಜೇಬಿನಲ್ಲಿ ಕೈ ಇಟ್ಟುಕೊಂಡೇ ಷೆಡ್ಡಿಗೆ ಹೋದ. ಮರಿ ಅವನ ಹಿಂದೆ ಓಡಿತು.

ಮಾಸ್ಟರು ಬರಬೇಕಾದ ದಿನ ದೂರು ಕೇಳುವ ಕಚೇರಿಯ ಫೋನುಗಳೇ ಕೆಟ್ಟು ನಿಂತವು. ಅದನ್ನು ಯಾರಿಗೆ ದೂರುವುದು ಅಂತ ಎಲ್ಲರೂ ನಗಾಡಿಕೊಂಡು ಮಧ್ಯಾಹ್ನವೇ ಮನೆಗೆ ಹೊರಟರು. ಅವಳಿಗೆ ನಗು ಬರಲಿಲ್ಲ. ಮನೆಗೆ ಬಂದರೆ ಅತ್ತೆ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು. ಮರಿ ಕಾಣಲಿಲ್ಲ. ಕೊನೆಯ ಸಲ ಮೈ ತೊಳೆದು ಕಳಿಸೋಣ ಅಂತ ಟವೆಲ್ಲು ಹಿಡಿದು ಹಿತ್ತಲಿಗೆ ಹೋದಳು.

ಷೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಬಡಗಿ ಕೆಲಸದ ಬೆಂಚಿನ ಮೇಲೆ ಕೂತಿದ್ದ. ಎದುರಿಗೆ ಸಿಪ್ಪೆಯ ರಾಶಿಯ ಮೇಲೆ ಮರಿ. ಅವನ ಎರಡೂ ಕೈಗಳು ಗಾಳಿಯಲ್ಲಿದ್ದವು.

ಅವನು ಮಾತಾಡುತ್ತಿದ್ದ.

ಅವಳು ಹೊಸ್ತಿಲಲ್ಲೇ ನಿಂತಳು. ಯಾರೋ ಕಿಟಕಿ ಮಾಡಿಸಲು ಬಂದವನ ಕತೆ. ಬಡಗಿಗೆ ಕೇಳಿಸಲಿ ಅಂತ ಅವನು ಕಿರುಚಿ ಕಿರುಚಿ ಮಾತಾಡಿದನಂತೆ, ಕುತ್ತಿಗೆಯ ನರ ಉಬ್ಬಿ ಬಂದವಂತೆ, ಬೀದಿಯವರೆಲ್ಲ ಜಗಳ ಅಂದುಕೊಂಡು ಓಡಿ ಬಂದರಂತೆ. ಬಡಗಿ ಆ ನರ ತೋರಿಸಿದ, ಓಡಿ ಬಂದ ಒಬ್ಬೊಬ್ಬರನ್ನೂ ತೋರಿಸಿದ. ಮರಿ ಹಾರಿ ಅವನ ಬೆರಳು ಕಚ್ಚಿತು. ಅವನು ಕೈ ಎಳೆದುಕೊಳ್ಳಲಿಲ್ಲ. ಮರಿ ಜೋತಾಡುತ್ತಿದ್ದ ಕೈಯಲ್ಲೇ ಮುಂದಿನ ಮಾತು ಹೇಳಿದ. ಅದು ಬಿಟ್ಟು ಅಂಗೈ ನೆಕ್ಕಿತು, ಮತ್ತೆ ಕಚ್ಚಿತು. ಬೆರಳ ಸಂದಿಯಿಂದ ರಕ್ತ ಇಳಿದು ಅಂಗಿಯ ತೋಳಿಗೆ ಮೆತ್ತಿಕೊಂಡಿತ್ತು. ಅವನು ನಗುತ್ತಿದ್ದ.

ಅವಳಿಗೂ ನಗು ಬಂತು, ಆ ಕಿಟಕಿಯವನನ್ನು ನೋಡಿ. ಮರುಕ್ಷಣ ಆ ನಗು ಆರಿತು. ಕೈ ಕೊಡುತ್ತಿದ್ದವನು ಸಿಕ್ಕಿಬಿದ್ದಿದ್ದ. ಆದರೆ ಅವಳ ನಗು ಆರಿದ್ದು ಅದಕ್ಕಲ್ಲ. ಇದು ತನಗೆ ಬರಬೇಕಾಗಿದ್ದ ಕತೆ.

ಅಷ್ಟರಲ್ಲಿ ಬಡಗಿ ಕೈಯನ್ನು ಕಿವಿಯ ಹತ್ತಿರ ತಂದು ಫೋನು ಹಿಡಿದ ಹಾಗೆ ಮಾಡಿದ. ಅದು ಅವಳ ಹೆಸರು. ಕೈಮಾತಿನಲ್ಲಿ ಅವನು ಅವಳನ್ನು ಕರೆಯುವುದೇ ಹಾಗೆ. ಆಮೇಲೆ ಬೆಂಚಿನಿಂದ ಎದ್ದ. ಎರಡೂ ಕೈ ಎದೆಗೆ ಕಟ್ಟಿದ. ಥಟ್ಟನೆ ಮರಿಗೆ ಬೆನ್ನು ಮಾಡಿ, ಬಿಗಿದ ಭುಜದಲ್ಲಿ ಗೋಡೆ ನೋಡುತ್ತ ನಿಂತ. ಗಿರಾಕಿಗಳನ್ನು ಎಷ್ಟು ಚೆನ್ನಾಗಿ ಆಡಿ ತೋರಿಸುತ್ತಿದ್ದನೋ ಅಷ್ಟೇ ಚೆನ್ನಾಗಿ ಅವಳನ್ನು ಆಡಿ ತೋರಿಸಿದ್ದ. ಮತ್ತೆ ಮರಿಯ ಕಡೆ ತಿರುಗಿ, ಈ ಸಲ ನಗದೆ, ನಿಧಾನವಾಗಿ ಹೇಳಿದ. "ಪಾಪ, ದಿನವಿಡೀ ಜನರ ಮಾತು ಕೇಳಿ ಕೇಳಿ ಸಾಕಾಗಿರುತ್ತೆ. ನನ್ನ ಮಾತೂ ಸಾಕಾಗಿದೆ ಅಂತ ಕಾಣುತ್ತೆ."

ಇವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೈಯಲ್ಲಿ ಮಾತಾಡುವವನಿಗೆ ಬೆನ್ನು ತಿರುಗಿಸಿದರೆ ಅವನ ಬಾಯಿಗೆ ಬಟ್ಟೆ ತುರುಕಿದ ಹಾಗೆ ಅನ್ನುವುದು ಲಗ್ನವಾದ ಮೊದಲ ವಾರವೇ ಗೊತ್ತಾಗಿತ್ತು. ಗೊತ್ತಿದ್ದೂ ಮಾಡಿದ್ದಳು, ದಿನವೂ ಮಾಡಿದ್ದಳು. ಮರಿ ಕಲಿಯಲಿಲ್ಲ. ಪಾಠ ಕಲಿತವನು ಇವನು. ಕೈ ಎತ್ತಿದರೆ ಹೆಂಡತಿ ಮುಖ ತಿರುಗಿಸುತ್ತಾಳೆ ಅಂತ ಕಲಿತು, ಕೈ ಎತ್ತುವುದನ್ನೇ ಬಿಟ್ಟಿದ್ದ. ಅವಳ ಕೈಯಿಂದ ಟವೆಲ್ಲು ಜಾರಿತು.

ಬಡಗಿ ಅವಳನ್ನು ನೋಡಿದ. ನೋಡಿದ ಕೂಡಲೇ ಕೈಗಳು ಜೇಬಿಗೆ ಹೋದವು. ಅದನ್ನು ನೋಡಲು ಅವಳಿಗಾಗಲಿಲ್ಲ. ಒಳಗೆ ನುಗ್ಗಿ, ಅವನ ಎದುರಿಗೆ ಬಂದು ಎರಡೂ ಕೈ ಎತ್ತಿದಳು. "ನಾನು ತಿರುಗಿದ್ದು ಮರಿಗೆ. ನಿಂಗಲ್ಲ. ನಿನ್ನಾಣೆ ನಿಂಗಲ್ಲ."

ಮರಿ ಎಗರಿ ಬಂದು ಅವಳ ಮಣಿಕಟ್ಟಿಗೆ ಹಲ್ಲು ಹಾಕಿತು. ಬಡಗಿ ಕೈ ಹೊರಗೆ ತೆಗೆದ. "ಗೊತ್ತು," ಅಂದ. ಸ್ವಲ್ಪ ತಡೆದು, ಮರಿಯ ಕಡೆ ಬೆರಳು ಮಾಡಿದ. "ಆದ್ರೆ ನಾನು ಕೈ ಎತ್ತಿದ್ರೆ ಓಡಿ ಬರ್ತಿದ್ದದ್ದು ಅದೊಂದೇ."

ಅವಳ ಕಣ್ಣು ತುಂಬಿ ಅವನ ಕೈಗಳು ಮಸುಕಾದವು. ಒರೆಸಿಕೊಳ್ಳಲು ಹೋದರೆ ಒಂದು ಮಾತು ತಪ್ಪಿ ಹೋದೀತು ಅಂತ ಭಯವಾಗಿ ಹಾಗೇ ಕಣ್ಣು ಬಿಟ್ಟುಕೊಂಡು ನೋಡಿದಳು. ಮರಿ ಮಣಿಕಟ್ಟು ಬಿಟ್ಟಿರಲಿಲ್ಲ.

"ರಕ್ತ ಬರ್ತಿದೆ," ಅಂದ ಅವನು ಗಾಬರಿಯಿಂದ. "ತಿರುಗು. ತಿರುಗದಿದ್ರೆ ಅದು ಬಿಡಲ್ಲ."

"ತಿರುಗಲ್ಲ," ಅಂದಳು, ಮರಿ ಜೋತಾಡುತ್ತಿದ್ದ ಕೈಯಲ್ಲೇ. "ಹೇಳು. ಎಲ್ಲಾ ಹೇಳು. ಎಷ್ಟು ದಿನದ್ದಿದೆಯೋ ಅಷ್ಟೂ ಹೇಳು."

ಅವನು ಅನುಮಾನದಿಂದ ಕೈ ಎತ್ತಿದ. ಒಂದು ಮಾತು ಆಡಿ ಅವಳ ಮುಖ ನೋಡಿದ. ಇನ್ನೊಂದು ಆಡಿ ನೋಡಿದ. ಆಮೇಲೆ ಕೈಗಳು ನಿಲ್ಲಲಿಲ್ಲ. ಕೋಪವೂ ಬಂತು, ಎರಡು ಸಲ ಬೆಂಚು ಗುದ್ದಿ ಬೈದ. ಅವಳು ಆ ಬೈಗುಳವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

ಹಿಂದಿನಿಂದ, ಹಿತ್ತಲ ಬಾಗಿಲಲ್ಲಿ ಅತ್ತೆಯ ದನಿ ಕೇಳಿಸಿತು. "ಏನಮ್ಮಾ, ಎಲ್ಲಿದ್ದೀಯಾ? ಮಾಸ್ಟರು ಸರಪಳಿ ಹಿಡ್ಕೊಂಡು ಬಂದು ನಿಂತಿದ್ದಾರೆ!" ಬಡಗಿಗೆ ಅದು ಕೇಳಿಸುವಂತಿರಲಿಲ್ಲ. ಅವನು ಮಾತಿನ ನಡುವೆ ಇದ್ದ. ಅತ್ತೆ ಇನ್ನೊಮ್ಮೆ ಕೂಗಿದರು, ಇನ್ನೂ ಜೋರಾಗಿ. ಅವಳಿಗೆ ಚೆನ್ನಾಗಿ ಕೇಳಿಸಿತು. ಅವಳು ತಿರುಗಲಿಲ್ಲ.